ಅಕ್ಟೋಬರ್ ಪಿಂಕ್ ವಾಕ್ ನೋಡಿದ್ರೆ ಸ್ತನ ಕ್ಯಾನ್ಸರ್‌ನಿಂದ ಹುಷಾರಾದವರಿಗೆ ಏನನ್ಸುತ್ತೆ?

ಸ್ತನ ಕ್ಯಾನ್ಸರ್ ಜಾಗೃತಿಗೆ ಅಂತ ಅಕ್ಟೋಬರ್‌ನಲ್ಲಿ ನಡೆಯೋ ಪಿಂಕ್ ವಾಕು, ರಿಬ್ಬನ್ನು ಇವೆಲ್ಲ ನಮ್ಮಂಥವರಿಗೆ ಇಷ್ಟ ಆಗುತ್ತಾ ಇಲ್ಲ ಬೇಜಾರಾಗುತ್ತಾ ಅಂತ ಕೇಳಿದೀರಿ. ನಾನು ಚಿಕ್ಕಮಗಳೂರು ಕಡೆಯವಳು, ಎಡಗಡೆ ಸ್ತನ ತೆಗೆದಿದಾರೆ, ಕೀಮೋ, ಕರೆಂಟು (ರೇಡಿಯೇಶನ್) ಎಲ್ಲ ಮುಗಿದು ಈಗ ಕಾಯಿಲೆ ವಾಪಸ್ ಬರ್ದೇ ಇರ್ಲಿ ಅಂತ ದಿನಾ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗ್ತಾ ಇದೀನಿ. ಬೇಜಾರಂತೂ ಇಲ್ಲ. ಮೊದ್ಲು ಇದ್ರ ಹೆಸ್ರೆತ್ತೋಕೇ ನಾಚ್ಕೋತಿದ್ರು, ಈಗ ಕಾಲೇಜು ಹುಡುಗೀರು ಎಂ.ಜಿ. ರೋಡಲ್ಲಿ ಬ್ಯಾನರ್ ಹಿಡ್ಕೊಂಡು ಹೋಗ್ತಾರೆ, ಒಳ್ಳೇದೇ.

ನಂಗೆ ಸಂಕಟ ಆಗೋದು ಬೇರೆ ವಿಷ್ಯಕ್ಕೆ. ಮೂಡಿಗೆರೆ ಕಡೆ ಕಾಫಿ ತೋಟದ ಕೂಲಿ ಲೈನಲ್ಲಿರೋ ಹೆಂಗಸಿಗೆ ಎದೇಲಿ ಗಂಟಿದೆ ಅಂತ ಗೊತ್ತಿರುತ್ತೆ ರೀ, ನೋವಿಲ್ವಲ್ಲ, ಹಣ್ಣು ಕುಯ್ಲು ಮುಗೀಲಿ ಅಂತ ಫೆಬ್ರವರಿವರ್ಗೂ ತಳ್ತಾಳೆ (ಕ್ಯಾನ್ಸರ್ ಗಂಟು ಎಷ್ಟೋ ಸಲ ನೋಯೋದೇ ಇಲ್ಲ, ನೋವಿರ್ಲಿ ಬಿಡ್ಲಿ ತೋರಿಸ್ಬೇಕು), ಯಾಕಂದ್ರೆ ಆಸ್ಪತ್ರೆಗೆ ಹೋದ್ರೆ ಆ ದಿನದ ಕೂಲಿ ಹೋಯ್ತು, ಮೊದ್ಲು ಸ್ಕ್ಯಾನು, ಆಮೇಲೆ ಸೂಜಿ ಚುಚ್ಚಿ ಬಯಾಪ್ಸಿ, ರಿಪೋರ್ಟಿಗೆ ಇನ್ನೊಂದ್ಸಲ, ಕ್ಯಾನ್ಸರ್ ಅಂತಾದ್ರೆ ಬೆಂಗಳೂರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು. ಕರೆಂಟ್ ಕೊಡೋದು ವಾರಕ್ಕೆ 5 ದಿನದ ಹಾಗೆ ವಾರಗಟ್ಟಲೆ, ಅಲ್ಲೇ ಉಳ್ಕೋಬೇಕು, ಮನೇಲಿ ಮಕ್ಕಳನ್ನ ಯಾರು ನೋಡ್ತಾರೆ. ಆಯುಷ್ಮಾನ್ ಕಾರ್ಡು ಆಸ್ಪತ್ರೆ ಬಿಲ್ಲಿಗೆ ಆಗುತ್ತೆ, ಜೊತೆಗಿರೋರ ರೂಮಿಗೆ ಊಟಕ್ಕೆ ಆಗಲ್ಲ.

30 ವರ್ಷ ದಾಟಿದ ಹೆಂಗಸರಿಗೆ 5 ವರ್ಷಕ್ಕೊಂದ್ಸಲ ಕೈಯಲ್ಲೇ ಮುಟ್ಟಿ ಎದೆ ಪರೀಕ್ಷೆ ಮಾಡ್ಬೇಕು ಅಂತ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಕೈಯಲ್ಲಿ ನೋಡಿದ್ರೆ ಏನು ಗೊತ್ತಾಗುತ್ತೆ ಅನ್ಬೇಡಿ. ಮುಂಬೈ ಟಾಟಾ ಆಸ್ಪತ್ರೆಯವರು ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರಿಂದ ಹೀಗೇ ಪರೀಕ್ಷೆ ಮಾಡಿಸಿ, 20 ವರ್ಷ ಲೆಕ್ಕ ಇಟ್ಟು, 2021ರಲ್ಲಿ ಪ್ರಕಟಿಸಿದ್ರು, 50 ದಾಟಿದವರಲ್ಲಿ ಈ ಕಾಯಿಲೆ ಸಾವು ಹತ್ತತ್ರ 30 ಪರ್ಸೆಂಟ್ ಕಮ್ಮಿ ಆಗಿತ್ತು, ಅದೂ ಸ್ತನದ ಎಕ್ಸ್‌ರೇ ತೆಗೆಯೋ ಮ್ಯಾಮೋಗ್ರಾಮ್ ಮೆಷಿನ್ ಇಲ್ದೇನೇ. ನಮ್ಮೂರಲ್ಲಿ ಈ ಪರೀಕ್ಷೆ ಇದೆ ಅಂತ ಗೊತ್ತಿರೋರು ಎಷ್ಟು ಜನ?

ಇನ್ನೊಂದು, ಸ್ಟೇಜ್ ಮೇಲೆ ಕೂರಿಸಿ ಶಾಲು ಹೊದಿಸೋದು ನಮ್ಮಂಥ ಹುಷಾರಾದವರಿಗೆ ಮಾತ್ರ. ನನ್ನ ಜೊತೆ ಕೀಮೋ ತಗೊಂಡ ಹಾಸನದ ಅಕ್ಕ ಒಬ್ರಿಗೆ ಈಗ ಮೂಳೆಗೆ ಹರಡಿದೆ, ಅವ್ರನ್ನ ಯಾರೂ ಕರಿಯಲ್ಲ. ಬೇಗ ಕಂಡ್ಹಿಡಿದ್ರೆ ಪೂರ್ತಿ ಗುಣ ಅನ್ನೋ ಭಾಷಣ ಕೇಳಿ "ನಾನೂ ಬೇಗನೇ ತೋರಿಸಿದ್ನಲ್ಲೇ, ಏನು ತಪ್ಪು ಮಾಡ್ದೆ" ಅಂತ ಫೋನಲ್ಲಿ ಅತ್ರು. ಬೇಗ ಸಿಕ್ಕಿದ್ರೆ ಉಳಿಯೋ ಅವಕಾಶ ಜಾಸ್ತಿ, ಅದು ನಿಜ, ಆದ್ರೂ ಕೆಲವ್ರಿಗೆ ಎಷ್ಟೋ ವರ್ಷ ಆದ್ಮೇಲೆ ವಾಪಸ್ ಬರುತ್ತೆ, ಅದು ಆ ಕಾಯಿಲೆ ಸ್ವಭಾವ. ಹರಡಿದ ಮೇಲೂ ಟ್ರೀಟ್‌ಮೆಂಟ್ ತಗೊಂಡು ವರ್ಷಗಟ್ಟಲೆ ಮನೆ ನಡೆಸೋ ಹೆಂಗಸರಿದಾರೆ, ಮೈಕ್ ಅವ್ರ ಕೈಗೂ ಕೊಡಿ.

ವಾಕ್ ಖಂಡಿತ ಮಾಡಿ. ಬ್ಯಾನರ್ ಮೇಲೆ ಹತ್ತಿರದ ಪಿಎಚ್‌ಸಿಲಿ ಯಾವತ್ತು ಪರೀಕ್ಷೆ ಮಾಡ್ತಾರೆ ಅಂತ ದಪ್ಪಕ್ಷರದಲ್ಲಿ ಬರೆಸಿ. ಶಾಲು ಹಾರದ ದುಡ್ಡನ್ನ ಬಸ್ ಚಾರ್ಜಿಗೆ ಎತ್ತಿಡಿ. ತೋಟದ ಸಾವ್ಕಾರ್ರು ಯಾರಾದ್ರೂ ಇದನ್ನ ಓದ್ತಿದ್ರೆ, ಗಂಟು ತೋರಿಸೋಕೆ ಹೋದವಳ ಆ ದಿನದ ಕೂಲಿ ಹಿಡೀಬೇಡಿ.