ಹಣದುಬ್ಬರದಿಂದಲೇ ಹಿಟ್ಲರ್ ಅಧಿಕಾರಕ್ಕೆ ಬಂದನಾ? ಆರ್ಥಿಕ ಬಿಕ್ಕಟ್ಟು ಉಗ್ರ ಪಕ್ಷಗಳಿಗೆ ಹೇಗೆ ದಾರಿ ಮಾಡಿಕೊಡುತ್ತದೆ?

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನೀವು ಕೇಳಿದ ಪ್ರಶ್ನೆಯನ್ನೇ ಮಕ್ಕಳೂ ಪ್ರತಿ ವರ್ಷ ಕೇಳುತ್ತಾರೆ. ನೋಟಿನ ಕಂತೆಗಳನ್ನು ಜೋಡಿಸಿ ಆಡುತ್ತಿರುವ ಜರ್ಮನ್ ಮಕ್ಕಳ ಫೋಟೋ ಎಲ್ಲರೂ ನೋಡಿದ್ದೀರಿ, ಅಲ್ವಾ? ಅದನ್ನು ನೋಡಿದ ಮೇಲೆ ಹಣದುಬ್ಬರವೇ ಹಿಟ್ಲರ್‌ನನ್ನು ತಂದಿತು ಅನ್ನಿಸುವುದು ಸಹಜ.

ಆದರೆ ಇಸವಿ ನೋಡಿ. ಆ ಫೋಟೋ 1923ರ ಕಾಲದ್ದು. ಆ ನವೆಂಬರಿನಲ್ಲಿ ಒಂದು ಡಾಲರಿಗೆ ಜರ್ಮನಿಯ ನಾಣ್ಯವಾದ ಮಾರ್ಕ್ 4.2 ಲಕ್ಷ ಕೋಟಿ ಕೊಡಬೇಕಿತ್ತು. ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆ ಎದ್ದದ್ದೂ ಅದೇ ತಿಂಗಳು. ಸೋತ, ಜೈಲಿಗೆ ಹೋದ. ಮುಂದೆ ಹೊಸ ನಾಣ್ಯ ಬಂತು, ಅಮೆರಿಕದ ಸಾಲ ಬಂತು, ಜನ ಸುಧಾರಿಸಿಕೊಂಡರು. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಬರೀ 2.6% ಮತ, 12 ಸೀಟು.

ಅವರನ್ನು ಮೇಲೆತ್ತಿದ್ದು ಅದಾದ ಮೇಲಿನ ಬಿಕ್ಕಟ್ಟು. ಅದು ಬೆಲೆ ಏರಿದ ಕಾಲವಲ್ಲ, ಬೆಲೆ, ಸಂಬಳ, ಕೆಲಸ ಎಲ್ಲವೂ ಕುಸಿದ ಕಾಲ. 1929ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಬಿದ್ದಾಗ ಅಮೆರಿಕನ್ನರು ಕೊಟ್ಟ ಸಾಲ ವಾಪಸ್ ಕೇಳಿದರು. ನಿರುದ್ಯೋಗ ವಿಮೆಗೆ ಯಾರು ಎಷ್ಟು ಕಟ್ಟಬೇಕು ಎಂಬ ಜಗಳದಲ್ಲೇ 1930ರ ಮಾರ್ಚಿನಲ್ಲಿ ಸಮ್ಮಿಶ್ರ ಸರ್ಕಾರ ಬಿತ್ತು. ಚಾನ್ಸಲರ್ (ನಮ್ಮ ಪ್ರಧಾನಿ ಇದ್ದ ಹಾಗೆ) ಆಗಿ ಬಂದ ಬ್ರೂನಿಂಗ್, ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅನ್ನುವ ಹಾಗೆ, ಸಂಬಳ ಕಡಿತ ಮಾಡಿದ, ನಿರುದ್ಯೋಗಿಗಳ ಭತ್ಯೆ ಇಳಿಸಿದ, ತೆರಿಗೆ ಏರಿಸಿದ. ಸಂಸತ್ತು ಒಪ್ಪದಿದ್ದಾಗ ಅಧ್ಯಕ್ಷ ಹಿಂಡೆನ್‌ಬರ್ಗ್‌ನ ಸುಗ್ರೀವಾಜ್ಞೆಯ ಮೂಲಕ ಆಡಳಿತ ನಡೆಸಿದ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹಿಟ್ಲರ್ ಬರುವ ಮೊದಲೇ ಜನ ಸಂಸತ್ತು ಇಲ್ಲದ ಆಡಳಿತಕ್ಕೆ ಒಗ್ಗಿಹೋಗಿದ್ದರು. 1930ರ ಸೆಪ್ಟೆಂಬರಿನಲ್ಲಿ ನಾಜಿಗಳಿಗೆ 107 ಸೀಟು. 1932ರ ಹೊತ್ತಿಗೆ ಸುಮಾರು 60 ಲಕ್ಷ ನಿರುದ್ಯೋಗಿಗಳು. ಆ ಜುಲೈಯಲ್ಲಿ 37.3% ಮತ, 230 ಸೀಟು.

ಹಾಗಾದರೆ ಕೆಲಸ ಕಳೆದುಕೊಂಡವರೇ ನಾಜಿಗಳಿಗೆ ಓಟು ಹಾಕಿದರಾ? ಅಷ್ಟು ಸರಳವಲ್ಲ. ನಿರುದ್ಯೋಗಿ ಕಾರ್ಮಿಕರಲ್ಲಿ ಬಹಳ ಜನ ಕಮ್ಯುನಿಸ್ಟರ ಕಡೆ ಹೋದರು. ನಾಜಿಗಳ ಕಡೆ ಜಾಸ್ತಿ ವಾಲಿದವರು ಸಣ್ಣ ಅಂಗಡಿಯವರು, ಕಸುಬುದಾರರು, ಪ್ರೊಟೆಸ್ಟೆಂಟ್ ಹಳ್ಳಿಗಳ ರೈತರು. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ಸಾಲ ತೀರಿಸಲಾಗದೆ ಹೊಲಗಳು ಹರಾಜಿಗೆ ಬರುತ್ತಿದ್ದವು. 1932ರ ಜುಲೈಯಲ್ಲಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತ ನಾಜಿಗಳಿಗೇ ಬಿತ್ತು. ಇವರೆಲ್ಲ ಇನ್ನೂ ಪೂರ್ತಿ ಬಿದ್ದವರಲ್ಲ. ಇವತ್ತು ಅಂಗಡಿ ಇದೆ, ನಾಳೆ ಇರುತ್ತೋ ಇಲ್ವೋ ಎಂದು ರಾತ್ರಿ ನಿದ್ದೆ ಬಾರದವರು. ಕಮ್ಯುನಿಸ್ಟರು ಬೆಳೆದಷ್ಟೂ, ಇದ್ದದ್ದನ್ನೂ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ ಇವರಿಗೆ. ಆ ಹೆದರಿಕೆಗೆ ಹಿಟ್ಲರ್ ಒಂದು ಮುಖ ತೋರಿಸಿದ: ಇದಕ್ಕೆಲ್ಲ ಯಹೂದಿಗಳೇ ಕಾರಣ ಅಂದ. ಜರ್ಮನಿಯಲ್ಲಿ ಯಹೂದಿಗಳು ನೂರಕ್ಕೆ ಒಬ್ಬರೂ ಇರಲಿಲ್ಲ. ಸುಳ್ಳು ಎಂದು ತೋರಿಸಿಕೊಟ್ಟರೂ ಕೇಳುವ ವ್ಯವಧಾನ ಎಷ್ಟೋ ಜನರಲ್ಲಿ ಉಳಿದಿರಲಿಲ್ಲ.

ಬಿಕ್ಕಟ್ಟು ಬಂದರೆ ಹೀಗೇ ಆಗಬೇಕು ಅಂತೇನೂ ಇಲ್ಲ. ಅಮೆರಿಕದಲ್ಲೂ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ, ಅಲ್ಲಿನ ಜನ ಉಗ್ರ ಪಕ್ಷವನ್ನಲ್ಲ, ಪ್ರಜಾಪ್ರಭುತ್ವದೊಳಗೇ ಆಡಳಿತ ನಡೆಸಿದ ರೂಸ್‌ವೆಲ್ಟ್‌ನನ್ನು ಅಧ್ಯಕ್ಷನಾಗಿ ಆರಿಸಿದರು.

ಇನ್ನು, ಮತ ಸಿಗುವುದೇ ಬೇರೆ, ಅಧಿಕಾರ ಸಿಗುವುದೇ ಬೇರೆ. ನಾಜಿಗಳಿಗೆ ಮುಕ್ತ ಚುನಾವಣೆಯಲ್ಲಿ ಯಾವತ್ತೂ ಬಹುಮತ ಬರಲಿಲ್ಲ. 1932ರ ನವೆಂಬರಿನಲ್ಲಿ ಮತ 33.1%ಕ್ಕೆ ಇಳಿದಿತ್ತು. ಪಕ್ಷದ ಬಳಿ ದುಡ್ಡೂ ಖಾಲಿಯಾಗಿತ್ತು. ಆಗ ಕೈಹಿಡಿದವರು ಮಾಜಿ ಚಾನ್ಸಲರ್ ಪಾಪೆನ್ ಮತ್ತು ಹಿಂಡೆನ್‌ಬರ್ಗ್‌ನ ಸುತ್ತ ಇದ್ದವರು. ಸಂಪುಟದಲ್ಲಿ ಹಿಟ್ಲರ್ ಸೇರಿ ಮೂವರೇ ನಾಜಿಗಳು, ನಾವು ಹೇಳಿದ ಹಾಗೆ ಕೇಳುತ್ತಾರೆ ಎಂದುಕೊಂಡರು. 1933ರ ಜನವರಿ 30ರಂದು ಅವನನ್ನು ಚಾನ್ಸಲರ್ ಮಾಡಿದರು. ಎರಡು ತಿಂಗಳೊಳಗೆ ಸಂಸತ್ತಿನ ಕಾನೂನು ಮಾಡುವ ಅಧಿಕಾರವೂ ಅವನ ಕೈಸೇರಿತು.

ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುವುದು ಒಂದು ಕಾರಣಕ್ಕೆ. ಅಷ್ಟರಲ್ಲಿ ಆರ್ಥಿಕತೆ ತಳ ಮುಟ್ಟಿ ಮೆಲ್ಲಗೆ ಮೇಲೇಳತೊಡಗಿತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಗೆದ್ದ ದೇಶಗಳಿಗೆ ಕಟ್ಟಬೇಕಿದ್ದ ಪರಿಹಾರದ ಹೊರೆ 1932ರಲ್ಲಿ ಸ್ವಿಟ್ಜರ್ಲೆಂಡಿನ ಲಾಸಾನ್‌ನಲ್ಲಿ ನಡೆದ ಸಭೆಯಲ್ಲೇ ಬಹುಮಟ್ಟಿಗೆ ಇಳಿದಿತ್ತು. ಉದ್ಯೋಗ ಕೊಡುವ ಕಾಮಗಾರಿಗಳಿಗೆ ಹಿಂದಿನ ಸರ್ಕಾರವೇ ಹಣ ತೆಗೆದಿಟ್ಟಿತ್ತು. ಮುಂದೆ ಜನರಿಗೆ ಕೆಲಸ ಸಿಕ್ಕಾಗ ಹೆಸರು ಬಂದದ್ದು ಹಿಟ್ಲರ್‌ಗೆ.