ಮಗನಿಗೆ ಲೈಸೆನ್ಸ್ ಬೇಡ, ಲೆಕ್ಕ ಬೇಕು

ಕುಣಿಗಲ್‌ನಿಂದ ಡಲ್ಲಾಸ್‌ಗೆ ಬಂದು ಇನ್ನೂ ಮೂರು ತಿಂಗಳು ಅಂದೆ. ಒಂಬತ್ತು ವರ್ಷದ ಮಗನಿಗೆ ಪಾರ್ಕಿನ ಕೆರೆಯಲ್ಲಿ ಗಾಳ ಹಾಕುವ ಆಸೆ. 'ಅಕ್ಕಾ, ಇಲ್ಲಿ ಮೀನು ಹಿಡಿಯಲು ಮಕ್ಕಳಿಗೆ ಲೈಸೆನ್ಸ್ ಬೇಡವಂತೆ, ಹಾಗಾದರೆ ಅವನ ಹೆಸರಲ್ಲಿ ನಾನೂ ಹಿಡಿಯಬಹುದಾ?' ಅಂತ ಕೇಳಿದ್ದೀಯ. ಆಗಲ್ಲ ಕಣಪ್ಪ.

ಟೆಕ್ಸಾಸ್‌ನಲ್ಲಿ 17 ತುಂಬದವರಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಗಾಳದ ರಾಡ್ ನಿನ್ನ ಕೈಗೆ ಬಂದು ನೀನೇ ಎಸೆದರೆ ನಿನಗೆ ಬೇಕು. ಇಲ್ಲಿ ಬಂದು ಆರು ತಿಂಗಳು ಕಳೆಯುವವರೆಗೆ ಲೈಸೆನ್ಸಿಗೆ ನಿನಗೆ ಹೊರ ರಾಜ್ಯದವರ ರೇಟು, ಜಾಸ್ತಿ. ಸದ್ಯಕ್ಕೆ ಸ್ಟೇಟ್ ಪಾರ್ಕಿಗೆ ಹೋಗು. ಅಲ್ಲಿ ದಡದಲ್ಲಿ ನಿಂತು ಹಿಡಿಯಲು ದೊಡ್ಡವರಿಗೂ ಲೈಸೆನ್ಸ್ ಕೇಳುವುದಿಲ್ಲ. ಜೂನ್ ತಿಂಗಳ ಮೊದಲ ಶನಿವಾರ ಇಡೀ ರಾಜ್ಯದಲ್ಲೇ ಕೇಳುವುದಿಲ್ಲ. ಮುಂದೆ ಕೊಂಡರೆ ತಾರೀಕು ನೋಡಿಕೊ, ಹೆಚ್ಚಿನವು ಆಗಸ್ಟ್ 31ಕ್ಕೆ ಮುಗಿಯುತ್ತವೆ.

ಇನ್ನು ಎಷ್ಟು ಮೀನು ತರಬಹುದು ಅನ್ನೋದು. ಇದರಲ್ಲಿ ಮಕ್ಕಳಿಗೆ ವಿನಾಯಿತಿ ಇಲ್ಲ. ಊರೊಳಗಿನ ಸಣ್ಣ ಕೆರೆಗಳಿಗೆ ಇಲ್ಲಿ ಕಮ್ಯುನಿಟಿ ಫಿಶಿಂಗ್ ಲೇಕ್ ಅಂತಾರೆ. ಅಲ್ಲಿ ಒಬ್ಬರಿಗೆ ದಿನಕ್ಕೆ 5 ಕ್ಯಾಟ್‌ಫಿಶ್, ಎರಡೇ ರಾಡ್. ಲಾರ್ಜ್‌ಮೌತ್ ಬಾಸ್ ಅನ್ನೋ ಮೀನು ಸಾಮಾನ್ಯವಾಗಿ 14 ಇಂಚಾದರೂ ಇರಬೇಕು, ಒಂದೂವರೆ ಗೇಣಿಗಿಂತ ಚೂರು ಜಾಸ್ತಿ. ಕೆಲವು ಕೆರೆಗಳಿಗೆ ಬೇರೆ ನಿಯಮ ಇರುತ್ತೆ, ಹೋಗುವ ಮುಂಚೆ ಆ ಕೆರೆಯ ಹೆಸರು ಹಾಕಿ ನೋಡಿಕೊ. ಅಳೆಯುವುದಕ್ಕೂ ಕ್ರಮ ಇದೆ. ಒದ್ದೆ ಕೈಯಲ್ಲಿ ಮೀನನ್ನು ಸ್ಕೇಲಿನ ಮೇಲೆ ಮಲಗಿಸು, ಬಾಯಿ ಮುಚ್ಚಿಸು, ಬಾಲದ ಎರಡೂ ತುದಿ ಒತ್ತಿ ಸೇರಿಸಿ ನೋಡು. ಹದಿಮೂರೂವರೆ ಬಂತಾ? ವಾಪಸ್ ನೀರಿಗೆ. ಹುಡುಗ ಅಳುತ್ತಾನೆ. ಅಳಲಿ ಬಿಡು, ಮುಂದಿನ ಸಲ ಸ್ಕೇಲ್ ಅವನ ಕೈಗೇ ಕೊಡು.

'ನನ್ನ ಐದು ಮುಗಿಯಿತು, ಇನ್ನು ಮಗನ ಐದು ನಾನೇ ಹಿಡೀತೀನಿ' ಅನ್ನೋ ಲೆಕ್ಕ ನಡೆಯಲ್ಲ. ನಮ್ಮವರಲ್ಲಿ ಈ ಜಾಣತನ ಸ್ವಲ್ಪ ಜಾಸ್ತಿ. ಅವನ ಪಾಲು ಅವನೇ ಹಿಡಿಯಬೇಕು. ಊರಲ್ಲಿ ಕೆರೆ ಹರಾಜು ಹಿಡಿದವರ ಕಾವಲಿನವನು ಕೂಗಿದರೆ ಮಕ್ಕಳು ಗಾಳ ಬಿಸಾಕಿ ಏರಿ ಮೇಲೆ ಓಟ ಕೀಳುತ್ತಿದ್ದರು, ಅಪ್ಪಂದಿರಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಇಲ್ಲಿ ಗೇಮ್ ವಾರ್ಡನ್, ಅಂದರೆ ಬೇಟೆ-ಮೀನಿನ ನಿಯಮ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ, ಬಂದು ಬಕೆಟ್ ನೋಡಿದರೆ ಮಾತು ನಿನ್ನ ಜೊತೆ. ಆದ್ದರಿಂದ ಇಬ್ಬರೂ ಹಿಡಿಯುವ ದಿನ ಎರಡು ಬಕೆಟ್ ಇಟ್ಟುಕೊ. ತಕರಾರೇ ಇರಲ್ಲ.

ನಮ್ಮ ಜಿಲೇಬಿ ಮೀನು ಇಲ್ಲೂ ಕೆಲವು ಕಡೆ ಸಿಗುತ್ತೆ, ಟಿಲಾಪಿಯಾ ಅಂತ. ಅದಕ್ಕೆ ಇಷ್ಟೇ ಹಿಡಿಯಬೇಕು ಅಂತಿಲ್ಲ, ಆದರೆ ಜೀವಂತ ಇಟ್ಟುಕೊಳ್ಳುವಂತಿಲ್ಲ. ಚೊಂಬಿನಲ್ಲಿ ನೀರು ಹಾಕಿ ತಂದು ಬಾವಿಗೆ ಬಿಡುತ್ತಿದ್ದೆವಲ್ಲ, ಆ ಆಟ ಇಲ್ಲಿ ಬೇಡ ಅಂತ ಹುಡುಗನಿಗೆ ಮೊದಲೇ ಹೇಳು.

ದೋಣಿ ಈಗಲೇ ಬೇಡ. ಹತ್ತಿಸಿದರೆ ಸಣ್ಣ ದೋಣಿಗಳಲ್ಲಿ 13 ತುಂಬದ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ದಡದಲ್ಲೂ ಫೋನ್ ಜೇಬಿನಲ್ಲಿರಲಿ, ಕಣ್ಣು ಅವನ ಮೇಲಿರಲಿ. ಮತ್ತೆ, ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಬಿಡು. ಮೀನು ಬಿಡಿಸಿ ವಾಪಸ್ ಬಿಡೋದು ಸುಲಭ, ಬೆರಳಿಗೆ ಚುಚ್ಚಿಕೊಂಡರೂ ಮನೆಯಲ್ಲೇ ಬಿಡಿಸಬಹುದು. ಇಲ್ಲಿನ ಎಮರ್ಜೆನ್ಸಿ ಬಿಲ್ಲು ನೀನಿನ್ನೂ ನೋಡಿಲ್ಲ.