ಮಗ ಹೊಲ ಮಾರಿ ಅಂತಾನೆ, ಏನು ಮಾಡಲಿ?

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನಲ್ಲಿ ನಮಗೆ ಐದು ಎಕರೆ ಹೊಲ ಇದೆ. ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಬೀಳು. ಮಗ, ಸೊಸೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದಾರೆ. ಮೊಮ್ಮಗಳು ನಮ್ಮ ಹತ್ತಿರ. ‘ಹೊಲ ಮಾರಿ ಇಲ್ಲಿಗೇ ಬನ್ನಿ, ಥಾಯ್ಲೆಂಡ್ ಹಳ್ಳಿಯವರೆಲ್ಲ ಪಟ್ಟಣ ಸೇರಿಯೇ ಮುಂದೆ ಬಂದರು’ ಅಂತಾನೆ ಮಗ. ಹೌದಾ ಮೇಡಂ? ಅವರ ಹೊಲಗಳು ಏನಾದವು?
– ಒಬ್ಬ ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ನಿಜ. ಪಟ್ಟಣ ಸೇರಿದ್ದು ಹೌದು. ಆದರೆ ಬಹಳ ಜನ ಹೊಲ ಇಟ್ಟುಕೊಂಡೇ ಹೋದರು.

ಥಾಯ್ಲೆಂಡಿನ ಈಶಾನ್ಯ ಸೀಮೆಗೆ ಇಸಾನ್ ಅಂತಾರೆ. ನಮ್ಮ ‘ಈಶಾನ್ಯ’ದ ನೆಂಟ ಪದವೇ ಅದು. ಮಳೆ ನಮಗಿಂತ ಜಾಸ್ತಿ, ಆದರೂ ಮಳೆ ನಂಬಿದ ಬೇಸಾಯ. ಮೊದಲ ತಲೆಮಾರು ಸುಗ್ಗಿ ಮುಗಿಸಿ ಬ್ಯಾಂಕಾಕಿಗೆ ಕೂಲಿಗೆ ಹೋಗಿ, ಮಳೆಗೆ ವಾಪಸ್ ಬರುತ್ತಿತ್ತು. 1980ರ ದಶಕದ ಕೊನೆಗೆ ಕಾರ್ಖಾನೆಗಳು ಹೆಚ್ಚಿದವು. ಅವರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ವರ್ಷಪೂರ್ತಿ ಅಲ್ಲೇ ಉಳಿದರು. ನಾಟಿಗೆ ಆಳಿಲ್ಲದೆ ಎಷ್ಟೋ ಕಡೆ ಬೀಜ ಎರಚುವುದೇ ರೂಢಿಯಾಯಿತು. ಕೋಣದ ಜಾಗಕ್ಕೆ ಕೈ ಟ್ರ್ಯಾಕ್ಟರ್ ಬಂತು; ಅದಕ್ಕೆ ಅವರು ‘ಕಬ್ಬಿಣದ ಕೋಣ’ ಅಂತಲೇ ಹೆಸರಿಟ್ಟರು. ವಿಶ್ವಬ್ಯಾಂಕ್ ಲೆಕ್ಕದಲ್ಲಿ ಆ ದೇಶದ ಬಡತನ 1990ರಲ್ಲಿ ನೂರಕ್ಕೆ 58 ಇದ್ದದ್ದು 2020ಕ್ಕೆ 7ರ ಹತ್ತಿರ ಇಳಿಯಿತು. ಮಕ್ಕಳು ಕಳಿಸಿದ ದುಡ್ಡಿನ ಪಾಲೂ ಅದರಲ್ಲಿದೆ.

ಹಾಗಾದರೆ ಹೊಲ ಯಾಕೆ ಇಟ್ಟುಕೊಂಡರು? 1997ರಲ್ಲಿ ಅವರ ರೂಪಾಯಿ, ಅಂದರೆ ‘ಬಾತ್’, ಅದರ ಬೆಲೆ ಕುಸಿಯಿತು. ಬ್ಯಾಂಕಾಕಿನಲ್ಲಿ ಕೆಲಸ ಹೋದವರು ಊರಿಗೆ ಬಂದರು. ಅಲ್ಲಿ ಉಣ್ಣಲು ಅಕ್ಕಿ ಇತ್ತು.

ಇದು ನನಗೆ ಪುಸ್ತಕದ ಮಾತಲ್ಲ. ನಮ್ಮಪ್ಪ ಜಗಳೂರು ಕಡೆಯ ಹಳ್ಳಿಯಿಂದ ದಾವಣಗೆರೆಯ ಹತ್ತಿ ಮಿಲ್ಲಿಗೆ ಬಂದವರು. ಅಜ್ಜಿ ಮೂರು ಎಕರೆ ಜೋಳದ ಹೊಲ ಬಿಟ್ಟು ಬರಲಿಲ್ಲ. ತಿಂಗಳಿಗೊಮ್ಮೆ ಮನಿಆರ್ಡರ್. ಹೆಬ್ಬೆಟ್ಟು ಒತ್ತಿ, ಉಳಿದ ಮಸಿಯನ್ನು ಬಾಗಿಲ ಚೌಕಟ್ಟಿಗೆ ಒರೆಸುತ್ತಿದ್ದಳು. ಆ ಮರದ ಮೇಲೆ ಒಂದರ ಮೇಲೊಂದು ಕೂತ ನೀಲಿ ಗುರುತುಗಳನ್ನು ನಾನು ಎಣಿಸಲು ಹೋಗಿ ಸೋತಿದ್ದೇನೆ. ಮಿಲ್ಲು ಮುಚ್ಚಿದಾಗ ನಾನು ಏಳನೇ ಕ್ಲಾಸು. ಎರಡು ವರ್ಷ ನಾವು ಉಂಡದ್ದು ಅಜ್ಜಿಯ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಜೋಳ. ಮೊದಲು ತೆಗೆದಾಗ ಬರುವ ಆ ಮುಗ್ಗಲು ವಾಸನೆ ಈಗಲೂ ಮೂಗಿನಲ್ಲಿದೆ.

ಅದಕ್ಕೇ ಹೇಳ್ತೀನಿ, ಹೊಲ ಮಾರಬೇಡಿ. ಹಾಗಂತ ಮಗನನ್ನು ವಾಪಸ್ ಕರೆಯಲೂಬೇಡಿ. ಐದು ಎಕರೆ ಖುಷ್ಕಿಯಲ್ಲಿ ಅವನ ಸಂಸಾರ ನಡೆಯಲ್ಲ, ಅಲ್ವಾ? ನಿಮಗೆ ಆಗದಷ್ಟು ಜಾಗಕ್ಕೆ ಹುಣಸೆ ಹಾಕಿ. ಇಸಾನಿನಲ್ಲೂ ಆಳು ಕಡಿಮೆಯಾದ ಮನೆಗಳು ನೀಲಗಿರಿ ಹಾಕಿದವು. ಅಲ್ಲಿ 60 ದಾಟಿದವರಿಗೆ ವಯಸ್ಸಿನ ಪ್ರಕಾರ ತಿಂಗಳಿಗೆ 600ರಿಂದ 1000 ಬಾತ್ ಸರ್ಕಾರ ಕೊಡುತ್ತದೆ. ನಿಮಗೆ 65 ತುಂಬಿದ್ದು, ಆದಾಯ ಮಿತಿಯೊಳಗಿದ್ದರೆ ನಮ್ಮ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿ. ಸುಮ್ನೆ ಬಿಡಬೇಡಿ.

ನನ್ನನ್ನು ಕಾಡುವುದು ನಿಮ್ಮ ಮೊಮ್ಮಗಳು. ಇಸಾನಿನಲ್ಲೂ ಅಜ್ಜ ಅಜ್ಜಿಯರ ಕೈಯಲ್ಲಿ ಬೆಳೆಯುವ ಮಕ್ಕಳು ಬಹಳ. ಏಪ್ರಿಲ್‌ನಲ್ಲಿ ಸೋಂಗ್‌ಕ್ರಾನ್ ಹಬ್ಬಕ್ಕೆ, ಅಂದರೆ ಅವರ ಸಂಕ್ರಾಂತಿಗೆ, ಅಪ್ಪ ಅಮ್ಮ ಬಸ್ಸಿಳಿದಾಗ ಎಷ್ಟೋ ಕೂಸುಗಳು ಅಜ್ಜಿಯ ಸೆರಗು ಬಿಡುವುದಿಲ್ಲ. ಯುಗಾದಿಗೆ ಮಗ ಬಂದಾಗ ಹೊಲದ ಮಾತು ಆಮೇಲೆ ಇರಲಿ. ಜೂನ್‌ನಲ್ಲಿ ಅವಳು ಯಾವ ಊರಿನ ಶಾಲೆಗೆ ಹೋಗಬೇಕು, ಅದನ್ನು ಮೊದಲು ಕೇಳಿ. ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.